ದೇಶದ ಮಹಾ ವಿಸ್ಮಯಗಳನ್ನು ಆರಿಸುವ ಕ್ರಮ

ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯ ಮೇಲೆ ದಿನವೂ ನೂರಾರು ಜನ ನಡೆದಾಡುತ್ತಾರೆ. ವಾಯುವಿಹಾರಕ್ಕೆ ಬಂದ ಹಿರಿಯರು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ, ಮಕ್ಕಳು ಇಳಿಜಾರಿನಲ್ಲಿ ಕೂಗುತ್ತಾ ಓಡುತ್ತಾರೆ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ಮೇಲೇಳತೊಡಗಿ ಸುಮಾರು 5 ಕೋಟಿ ವರ್ಷಗಳಷ್ಟೇ ಆಗಿವೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು 1916ರಲ್ಲಿ ಈ ಬಗೆಯ ಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಮುಂದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಆದರೂ ಭಾರತದ ಪ್ರಾಕೃತಿಕ ವಿಸ್ಮಯಗಳನ್ನು ಹೆಸರಿಸಿ ಎಂದು ಕೇಳಿದಾಗ ಬೆಂಗಳೂರಿನವರಲ್ಲಿ ಒಬ್ಬರಾದರೂ ಈ ಬಂಡೆಯನ್ನು ತಾವಾಗಿ ನೆನೆದದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಬಡಾವಣೆಯ ಕನ್ನಡ ಸಂಘದವರು ಒಂದು ರಾಜ್ಯೋತ್ಸವಕ್ಕೆ ಮುನ್ನ ಭಾರತದ ಏಳು ಪ್ರಾಕೃತಿಕ ಮತ್ತು ಏಳು ಮಾನವನಿರ್ಮಿತ ವಿಸ್ಮಯಗಳನ್ನು ಆರಿಸಬೇಕೆಂದು ಕುಳಿತೆವು. ಮೊದಲ ಸಂಜೆ ಅರ್ಧ ಗಂಟೆಯೊಳಗೆ ಹದಿನಾಲ್ಕು ಹೆಸರುಗಳೂ ಸಿದ್ಧವಾದವು. ಅವೆಲ್ಲವೂ ಶಾಲೆಯ ಪಠ್ಯಪುಸ್ತಕ ಮತ್ತು ಕ್ಯಾಲೆಂಡರಿನ ಚಿತ್ರಗಳಿಂದ ನೇರವಾಗಿ ಎದ್ದು ಬಂದಿದ್ದವು. ‘ಇದೇ ಏಕೆ, ಅದು ಏಕಲ್ಲ?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಆ ಪಟ್ಟಿಯನ್ನು ಬದಿಗಿಟ್ಟು, ನಾಲ್ಕು ತಿಂಗಳ ಭಾನುವಾರಗಳನ್ನು ವ್ಯಯಿಸಿ ಮತ್ತೆ ಮೊದಲಿನಿಂದ ಆರಿಸಿದೆವು. ಆ ಕೆಲಸದಲ್ಲಿ ಕಲಿತದ್ದನ್ನು, ಇಂಥದೇ ಪಟ್ಟಿ ಮಾಡಬೇಕೆಂದಿರುವ ಶಾಲೆ, ಸಂಘ, ಓದುಗರ ಬಳಗ ಅಥವಾ ಮನೆಮಂದಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ. ಆ ವಿದ್ಯಾರ್ಥಿನಿಯ ‘ಏಕೆ’ ಎಂಬ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಲಾಗದ ಸ್ಥಳಕ್ಕೆ ಪಟ್ಟಿಯಲ್ಲಿ ಜಾಗ ಕೊಡಬಾರದು ಎಂಬುದು ನಾವು ಕೊನೆಗೆ ಮುಟ್ಟಿದ ನಿಯಮ. ಮುಂದಿನದೆಲ್ಲ ಆ ವಾಕ್ಯವನ್ನು ಪ್ರಾಮಾಣಿಕವಾಗಿ ಬರೆಯುವುದು ಹೇಗೆ ಎಂಬುದಕ್ಕೆ ಸಂಬಂಧಿಸಿದ್ದು.

ಹಳೆಯ ಪಟ್ಟಿಗಳಿಂದ ಕಲಿಯಬೇಕಾದದ್ದು

ಏಳು ಅದ್ಭುತಗಳ ಪಟ್ಟಿ ಮೊದಲು ಹುಟ್ಟಿದ್ದು ಗ್ರೀಕ್ ಬರಹಗಾರರಲ್ಲಿ. ಅವರು ಬಳಸಿದ ಮಾತಿಗೆ ‘ನೋಡತಕ್ಕವು’ ಎಂಬಷ್ಟೇ ಅರ್ಥವಿತ್ತು. ಗೀಜಾದ ಪಿರಮಿಡ್ಡನ್ನು ಬಿಟ್ಟರೆ ಆ ಏಳರಲ್ಲಿ ಇಂದು ನಿಂತಿರುವುದು ಯಾವುದೂ ಇಲ್ಲ; ರೋಡ್ಸ್ ದ್ವೀಪದ ಕಂಚಿನ ಪ್ರತಿಮೆಯಂತೂ ಸುಮಾರು ಅರ್ಧ ಶತಮಾನ ನಿಂತು, ಕ್ರಿಸ್ತಪೂರ್ವ 226ರ ಹೊತ್ತಿಗೆ ಭೂಕಂಪಕ್ಕೆ ಬಿದ್ದುಹೋಯಿತು. ಆ ಪಟ್ಟಿಯ ಸ್ಥಳಗಳೆಲ್ಲವೂ ಮೆಡಿಟರೇನಿಯನ್ ಸಮುದ್ರದ ಸುತ್ತ ಮತ್ತು ಅದರಿಂದ ಮೂಡಣಕ್ಕೆ ಗ್ರೀಕರು ತಲುಪಬಹುದಾಗಿದ್ದ ನಾಡುಗಳಲ್ಲಿದ್ದವು. ಪಟ್ಟಿ ಮಾಡುವವರ ಕಾಲು ಎಷ್ಟು ದೂರ ಹೋಗಿದೆಯೋ ಅಷ್ಟೇ ದೂರ ಅವರ ಪಟ್ಟಿಯೂ ಹೋಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಮಾಡುವ ಪಟ್ಟಿ ಹಂಪೆ, ಜೋಗ, ಬೇಲೂರುಗಳ ಕಡೆಗೆ ತಾನಾಗಿ ವಾಲುತ್ತದೆ ಎಂಬುದನ್ನು ಮೊದಲ ದಿನವೇ ಒಪ್ಪಿಕೊಂಡರೆ ಅದನ್ನು ಸರಿಪಡಿಸುವ ಏರ್ಪಾಡನ್ನೂ ಮಾಡಿಕೊಳ್ಳಬಹುದು.

ಇನ್ನೊಂದು ಪಾಠ ಇತ್ತೀಚಿನದು. 2007ರ ಜುಲೈ 7ರಂದು ಲಿಸ್ಬನ್ ನಗರದಲ್ಲಿ ಜಗತ್ತಿನ ಹೊಸ ಏಳು ಅದ್ಭುತಗಳೆಂದು ಒಂದು ಪಟ್ಟಿ ಪ್ರಕಟವಾಯಿತು, ತಾಜ್‌ಮಹಲ್ ಅದರಲ್ಲಿತ್ತು. ಅಂತರಜಾಲ ಮತ್ತು ದೂರವಾಣಿಯ ಮೂಲಕ 10 ಕೋಟಿ ಮತಗಳು ಬಂದವೆಂದು ಸಂಘಟಕರು ಹೇಳಿದರು. ಆದರೆ ಒಬ್ಬರೇ ಹಲವು ಸಲ ಮತ ಹಾಕುವುದಕ್ಕೆ ಅಡ್ಡಿಯಿರಲಿಲ್ಲ, ಮತ ಹಾಕಿದವರು ಆ ಸ್ಥಳದ ಬಗ್ಗೆ ಏನನ್ನಾದರೂ ಓದಿರಬೇಕೆಂಬ ನಿರೀಕ್ಷೆಯೂ ಇರಲಿಲ್ಲ. ಈ ಆಯ್ಕೆಗೂ ತನಗೂ ಸಂಬಂಧವಿಲ್ಲವೆಂದು ಯುನೆಸ್ಕೊ ಸ್ಪಷ್ಟಪಡಿಸಿತು. ಮತಗಳ ಸಂಖ್ಯೆ ಜನಪ್ರಿಯತೆಯನ್ನು ತೋರಿಸಬಲ್ಲದು, ಆದರೆ ಆರಿಸಿದ್ದಕ್ಕೆ ಕಾರಣ ಕೊಡಲಾರದು. ತಾಜ್‌ಮಹಲ್ ಯಾವ ಪಟ್ಟಿಗಾದರೂ ಸಲ್ಲುವ ಕಟ್ಟಡ; ಅದನ್ನು ಆರಿಸಿದ ರೀತಿಗೆ ಆ ಯೋಗ್ಯತೆ ಇರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಎಲ್ಲೆಗಳನ್ನು ಗೊತ್ತುಮಾಡಿಕೊಳ್ಳುವುದು

ಹೆಸರುಗಳನ್ನು ಕೇಳುವ ಮುನ್ನ ಮೂರು ವಿಷಯಗಳನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು.

ಮೊದಲನೆಯದು ದೇಶದ ಎಲ್ಲೆ. ಇಂದಿನ ಗಡಿಯನ್ನೇ ಹಿಡಿಯುವುದು ಸರಳವಾದ ಮತ್ತು ಜಗಳವಿಲ್ಲದ ದಾರಿ. ಹಾಗೆ ಹಿಡಿದರೆ ಸಿಂಧೂ ನಾಗರಿಕತೆಯ ನಗರಗಳಲ್ಲಿ ಮೊಹೆಂಜೊದಾರೊ ಹೊರಗುಳಿಯುತ್ತದೆ, ಗುಜರಾತಿನ ಧೋಲಾವೀರ ಒಳಗೆ ಬರುತ್ತದೆ. ಗಡಿಯ ಎರಡೂ ಕಡೆ ಹರಡಿಕೊಂಡಿರುವುದನ್ನು ಏನು ಮಾಡಬೇಕೆಂಬುದನ್ನೂ ಆಗಲೇ ತೀರ್ಮಾನಿಸಬೇಕು, ಏಕೆಂದರೆ 8,586 ಮೀಟರ್ ಎತ್ತರದ ಕಾಂಚನಜುಂಗಾ ನೇಪಾಳದ ಗಡಿಯಲ್ಲಿದೆ, ಸುಂದರಬನದ ದೊಡ್ಡ ಪಾಲು ಬಾಂಗ್ಲಾದೇಶದಲ್ಲಿದೆ. ಭಾರತದ ಭಾಗವನ್ನು ಮಾತ್ರ ನೋಡಿದರೂ ವಿಸ್ಮಯ ಕುಂದದಿದ್ದರೆ ಅದನ್ನು ಸೇರಿಸಿಕೊಳ್ಳಬಹುದೆಂದು ನಾವು ನಿಯಮ ಮಾಡಿಕೊಂಡೆವು.

ಎರಡನೆಯದು, ಒಂದು ವಿಸ್ಮಯವೆಂದು ಎಷ್ಟನ್ನು ಎಣಿಸಬೇಕು ಎಂಬುದು. ಸುಮಾರು 1,600 ಕಿಲೋಮೀಟರ್ ಉದ್ದದ ಪಶ್ಚಿಮ ಘಟ್ಟವೂ ಅದರ ಒಂದು ಮೂಲೆಯಲ್ಲಿರುವ ಜೋಗವೂ ಒಂದೇ ಪಟ್ಟಿಯಲ್ಲಿ ಎದುರಾಳಿಗಳಾಗಿ ನಿಂತರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಯುನೆಸ್ಕೊ 2012ರಲ್ಲಿ ಪಶ್ಚಿಮ ಘಟ್ಟದ 39 ತುಣುಕುಗಳನ್ನು ಒಂದೇ ವಿಶ್ವ ಪರಂಪರೆಯ ತಾಣವಾಗಿ ಪರಿಗಣಿಸಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ಒಟ್ಟಾಗಿ ಒಂದು ತಾಣವೆಂದಿತು. ಇದರ ಹಿಂದಿರುವ ತರ್ಕ ನಮಗೂ ಒಪ್ಪಿಗೆಯಾಯಿತು: ಯಾವುದು ಒಂದೇ ಕಾರಣದಿಂದ ಅಥವಾ ಒಂದೇ ಪರಂಪರೆಯ ಕೈಗಳಿಂದ ಆದದ್ದೋ ಅದು ಒಂದು.

ಮೂರನೆಯದು ಪ್ರಕೃತಿ ಮತ್ತು ಮನುಷ್ಯನ ನಡುವಿನ ಗೆರೆ. ಮೇಲುನೋಟಕ್ಕೆ ಸುಲಭವೆನಿಸುವ ಈ ಗೆರೆಯ ಬಗ್ಗೆಯೇ ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಯಿತು. ಮೇಘಾಲಯದ ಖಾಸಿ ಮತ್ತು ಜೈಂತಿಯಾ ಜನರು ಹಳ್ಳದ ದಡದಲ್ಲಿರುವ ರಬ್ಬರ್ ಅತ್ತಿ ಮರದ ಬೇರುಗಳನ್ನು ವರ್ಷಗಟ್ಟಲೆ ಎಳೆದು, ಹೆಣೆದು, ಆಚೆ ದಡಕ್ಕೆ ಮುಟ್ಟಿಸಿ ಸೇತುವೆ ಮಾಡುತ್ತಾರೆ. ಅಂಥದೊಂದು ಸೇತುವೆ ಜನರ ಭಾರ ಹೊರುವಷ್ಟು ಗಟ್ಟಿಯಾಗಲು ಒಂದೆರಡು ದಶಕಗಳೇ ಹಿಡಿಯಬಹುದು. ಕಟ್ಟಿದ ಸೇತುವೆ ವರ್ಷ ಕಳೆದಂತೆ ಸವೆಯುತ್ತದೆ, ಬೆಳೆಸಿದ ಈ ಸೇತುವೆ ಮರ ಬದುಕಿರುವವರೆಗೂ ಬಲಗೊಳ್ಳುತ್ತಾ ಹೋಗುತ್ತದೆ. ಇದು ಮರವೋ, ಸೇತುವೆಯೋ? ನಮ್ಮ ಬಳಗದ ಒಬ್ಬ ನಿವೃತ್ತ ಎಂಜಿನಿಯರರು ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೊಟ್ಟರು: ‘ಮನುಷ್ಯ ಹುಟ್ಟದೇ ಇದ್ದಿದ್ದರೂ ಇದು ಹೀಗೆಯೇ ಇರುತ್ತಿತ್ತೇ?’ ಮರವೇನೋ ಇರುತ್ತಿತ್ತು, ಆದರೆ ಸೇತುವೆ ಇರುತ್ತಿರಲಿಲ್ಲ. ಆದ್ದರಿಂದ ಅದು ಮಾನವನಿರ್ಮಿತ. ಜೋಗದ ಮೇಲ್ಭಾಗದಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಎಷ್ಟು ಧುಮುಕಬೇಕೆಂಬುದನ್ನು ಬಹುಮಟ್ಟಿಗೆ ಮನುಷ್ಯನೇ ನಿರ್ಧರಿಸುತ್ತಾನೆ. ಆದರೂ ಮನುಷ್ಯನಿಲ್ಲದಿದ್ದರೆ ಜೋಗ ಇನ್ನಷ್ಟು ತುಂಬಿ ಧುಮುಕುತ್ತಿತ್ತು. ಆದ್ದರಿಂದ ಅದು ಪ್ರಾಕೃತಿಕ. ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನವನ್ನು ಯುನೆಸ್ಕೊ 2016ರಲ್ಲಿ ಮಿಶ್ರ ತಾಣವೆಂದು ಗುರುತಿಸಿದಂತೆ ನಾವೂ ಮೂರನೆಯ ವರ್ಗವೊಂದನ್ನು ಮಾಡೋಣವೆಂದು ಕೆಲವರು ಹೇಳಿದರು. ಹಾಗೆ ಮಾಡದಿರುವುದು ಒಳ್ಳೆಯದು. ಸಣ್ಣ ಬಳಗದಲ್ಲಿ ಮಿಶ್ರ ಎಂಬ ಪೆಟ್ಟಿಗೆ ಇಟ್ಟರೆ ಯೋಚಿಸಲು ಕಷ್ಟವಾದದ್ದೆಲ್ಲವೂ ಅದರೊಳಗೆ ಹೋಗಿ ಬೀಳುತ್ತದೆ.

ಯಾವ ಪ್ರಶ್ನೆಗಳಿಂದ ಅಳೆಯಬೇಕು

ವಿಶ್ವ ಪರಂಪರೆಯ ತಾಣಗಳಿಗೆ ಯುನೆಸ್ಕೊ ಹತ್ತು ಮಾನದಂಡಗಳನ್ನು ಇಟ್ಟಿದೆ, ಆರು ಸಂಸ್ಕೃತಿಗೆ ಮತ್ತು ನಾಲ್ಕು ಪ್ರಕೃತಿಗೆ. ಅವುಗಳನ್ನು ಒಮ್ಮೆ ಎಲ್ಲರೂ ಕೂಡಿ ಓದುವುದು ಒಳ್ಳೆಯದು. ಆದರೆ ಅವು ಸರ್ಕಾರಗಳು ಸಲ್ಲಿಸುವ ಕಡತಗಳಿಗಾಗಿ ಬರೆದ ವಾಕ್ಯಗಳಾದ್ದರಿಂದ ಭಾನುವಾರದ ಸಭೆಗೆ ಭಾರವಾಗುತ್ತವೆ. ನಾವು ನಾಲ್ಕು ಪ್ರಶ್ನೆಗಳಿಗೆ ಇಳಿಸಿಕೊಂಡೆವು: ಇದರಂಥದು ದೇಶದಲ್ಲಿ ಇನ್ನೊಂದು ಇದೆಯೇ? ಇದು ಹೇಗಾಯಿತೆಂದು ತಿಳಿದ ಮೇಲೆ ಬೆರಗು ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ಇದರ ಮೂಲರೂಪ ಎಷ್ಟು ಉಳಿದಿದೆ? ನಾಳೆ ಇದು ಇಲ್ಲವಾದರೆ ಮರಳಿ ಪಡೆಯಲಾಗದ್ದು ಏನು?

ಇವುಗಳಲ್ಲಿ ಎರಡನೆಯ ಪ್ರಶ್ನೆಯೇ ಜೊಳ್ಳನ್ನೂ ಕಾಳನ್ನೂ ಬೇರೆ ಮಾಡುವ ಮೊರ. ಎಲ್ಲೋರದ ಕೈಲಾಸ ದೇವಾಲಯವನ್ನು ತೆಗೆದುಕೊಳ್ಳಿ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ ಸೇರಿದ ಇದು ಚಿತ್ರದಲ್ಲಿ ದೊಡ್ಡದೊಂದು ಕಲ್ಲಿನ ಗುಡಿಯಂತೆ ಕಾಣುತ್ತದೆ, ಅಷ್ಟೇ. ಗುಡ್ಡದ ನೆತ್ತಿಯಿಂದ ಕೆಳಕ್ಕೆ ಕಂದಕ ಕೊರೆದು, ನಡುವೆ ಉಳಿದ ಬಂಡೆಯನ್ನು ಶಿಖರದಿಂದ ಆರಂಭಿಸಿ ತಳದವರೆಗೆ ಕಡೆಯುತ್ತಾ ಬಂದರೆಂದು ತಿಳಿದಾಗ ನೋಟವೇ ಬದಲಾಗುತ್ತದೆ. ಕಟ್ಟುವವನು ತಪ್ಪಿದ ಕಲ್ಲನ್ನು ತೆಗೆದು ಬೇರೆ ಕಲ್ಲು ಇಡಬಹುದು. ಕಡೆಯುವವನಿಗೆ ಆ ಅವಕಾಶವಿಲ್ಲ. ಮೇಲಿನ ಶಿಖರಕ್ಕೆ ಮೊದಲ ಉಳಿಪೆಟ್ಟು ಬೀಳುವಾಗಲೇ ಕೆಳಗಿನ ಆನೆಗಳು ಎಲ್ಲಿ ನಿಲ್ಲಬೇಕೆಂಬುದು ಯಾರದೋ ಮನಸ್ಸಿನಲ್ಲಿ ಸ್ಪಷ್ಟವಾಗಿತ್ತು.

ವಿಜಯಪುರದ ಗೋಲಗುಮ್ಮಟವೂ ಹೀಗೆಯೇ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯಲ್ಲಿ ಪಿಸುಗುಟ್ಟಿದರೆ ಎದುರು ಬದಿಗೆ ಕೇಳಿಸುತ್ತದೆಂಬುದು ಎಲ್ಲರಿಗೂ ಗೊತ್ತು, ಪ್ರವಾಸಿಗರು ಕೂಗಿ ನೋಡಿ ಇಳಿದುಬರುತ್ತಾರೆ. ಅದಕ್ಕಿಂತ ದೊಡ್ಡ ವಿಷಯವೆಂದರೆ ನಾಲ್ಕು ಗೋಡೆಗಳ ಚೌಕದ ಮೇಲೆ, ನಡುವೆ ಒಂದೂ ಕಂಬವಿಲ್ಲದೆ, ಅಷ್ಟು ಭಾರದ ದುಂಡು ಗುಮ್ಮಟವನ್ನು ಕೂರಿಸಿದ ಬಗೆ. ಒಂದನ್ನೊಂದು ಹಾದುಹೋಗುವ ಕಮಾನುಗಳು ಚೌಕವನ್ನು ಮೆಲ್ಲಗೆ ಎಂಟು ಮೂಲೆಯಾಗಿಸಿ, ಅಲ್ಲಿಂದ ವೃತ್ತದತ್ತ ತಂದು ಗುಮ್ಮಟದ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಅದನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದ ಮೇಲೆ ನಮ್ಮಲ್ಲಿ ಹಲವರ ಅಂಕಗಳು ಬದಲಾದವು.

ಪ್ರಕೃತಿಯ ವಿಷಯದಲ್ಲಿಯೂ ಇದೇ ಪ್ರಶ್ನೆ ಕೆಲಸ ಮಾಡುತ್ತದೆ. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರ್ ಸರೋವರ ನೋಡಲು ಒಂದು ದುಂಡನೆಯ ಕೆರೆ. ಆದರೆ ಅದು ಆಕಾಶದಿಂದ ಬಂದ ಉಲ್ಕೆ, ಲಾವಾರಸ ತಣಿದು ಆದ ಬಸಾಲ್ಟ್ ಶಿಲೆಗೆ ಅಪ್ಪಳಿಸಿ ಮಾಡಿದ, ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ. ಬಸಾಲ್ಟಿನಲ್ಲಿ ಇಷ್ಟು ಚೆನ್ನಾಗಿ ಉಳಿದ ಉಲ್ಕಾಕುಳಿಗಳು ಭೂಮಿಯಲ್ಲಿ ಬಹಳ ಅಪರೂಪ, ಆದ್ದರಿಂದಲೇ ಚಂದ್ರನ ಕುಳಿಗಳನ್ನು ಅಭ್ಯಸಿಸುವವರು ಇಲ್ಲಿಗೆ ಬರುತ್ತಾರೆ. ಮಣಿಪುರದ ಲೋಕ್ತಾಕ್ ಸರೋವರದಲ್ಲಿ ಕೊಳೆತ ಗಿಡಗಂಟೆ, ಬೇರು, ಮಣ್ಣು ಹೆಣೆದುಕೊಂಡು ತೇಲುವ ನೆಲವಾಗಿದೆ. ಅದರ ಮೇಲೆ ಸಂಗೈ ಎಂಬ ಜಿಂಕೆ ಬದುಕುತ್ತದೆ. ಇವನ್ನು ಯಾರಾದರೂ ಎದ್ದು ನಿಂತು ವಿವರಿಸುವವರೆಗೆ ಅವು ಪಟ್ಟಿಯ ತಳದಲ್ಲಿಯೇ ಇರುತ್ತವೆ.

ಎತ್ತರ, ಉದ್ದ, ತೂಕಗಳನ್ನು ಮಾತ್ರ ಮಾನದಂಡವಾಗಿ ಇಡಬೇಡಿ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 57 ಅಡಿ. 2018ರಲ್ಲಿ ಗುಜರಾತಿನಲ್ಲಿ ಉದ್ಘಾಟನೆಯಾದ ಏಕತಾ ಪ್ರತಿಮೆ 182 ಮೀಟರ್. ಎರಡನ್ನೂ ಎತ್ತರದಿಂದ ಹೋಲಿಸುವುದು ಎರಡಕ್ಕೂ ಮಾಡಿದ ಅನ್ಯಾಯ. ಚಾವುಂಡರಾಯ ಹತ್ತನೆಯ ಶತಮಾನದ ಕೊನೆಗೆ ಬೆಟ್ಟದ ನೆತ್ತಿಯ ಒಂದೇ ಬಂಡೆಯಿಂದ ಆ ಮುಖವನ್ನು ಬಿಡಿಸಿದನೆಂಬುದು ಒಂದು ಬಗೆಯ ಸಾಧನೆ, ಉಕ್ಕು, ಕಾಂಕ್ರೀಟು ಮತ್ತು ಕಂಚಿನ ಹೊದಿಕೆಯಿಂದ ಗಾಳಿಯ ಒತ್ತಡವನ್ನು ತಡೆದು ನಿಲ್ಲಿಸುವುದು ಇನ್ನೊಂದು ಬಗೆಯ ಸಾಧನೆ. ಪ್ರತಿಯೊಂದಕ್ಕೂ ಅದರ ಕಾಲದ ಉಪಕರಣಗಳನ್ನು ಎದುರಿಗಿಟ್ಟುಕೊಂಡು ಬೆಲೆ ಕಟ್ಟಬೇಕು.

ಹೆಸರುಗಳನ್ನು ಕೂಡಿಹಾಕುವುದು

ಪ್ರತಿಯೊಬ್ಬರೂ ಪ್ರತಿ ವರ್ಗಕ್ಕೆ ಮೂರು ಹೆಸರು ತರಲಿ, ಆ ಮೂರರಲ್ಲಿ ಒಂದಾದರೂ ಅವರು ಕಾಲಿಡದ ರಾಜ್ಯದ್ದಾಗಿರಲಿ ಎಂಬ ಷರತ್ತು ಹಾಕಿದ್ದರಿಂದ ನಮ್ಮ ಪಟ್ಟಿ ಒಮ್ಮೆಲೇ ಹಿಗ್ಗಿತು. ಈಶಾನ್ಯದ ರಾಜ್ಯಗಳು, ಅಂಡಮಾನಿನ ಬ್ಯಾರನ್ ದ್ವೀಪದ ಜೀವಂತ ಜ್ವಾಲಾಮುಖಿ, ಕಛ್‌ನ ಉಪ್ಪಿನ ರಣ, ಪಾಟಣದ ರಾಣಿ ಕಿ ವಾವ್ ಎಂಬ ಮೆಟ್ಟಿಲುಬಾವಿ ಎಲ್ಲವೂ ಈ ಷರತ್ತಿನಿಂದಲೇ ಬಂದವು. ಆ ಬಾವಿಯ ಚಿತ್ರ ನೂರು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿದೆ. ದಿನವೂ ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರೂ ಅದು ಯಾವುದೆಂದು ನಮ್ಮ ಸಭೆಯಲ್ಲಿ ಇಬ್ಬರಿಗೆ ಮಾತ್ರ ತಿಳಿದಿತ್ತು.

ಮಾನವನಿರ್ಮಿತ ಎಂದಕೂಡಲೇ ದೇವಾಲಯ, ಕೋಟೆ, ಸಮಾಧಿಗಳಷ್ಟೇ ನೆನಪಾಗುವುದು ನಮ್ಮ ಅಭ್ಯಾಸ. ನೀರು, ವಿಜ್ಞಾನ, ಗಣಿ, ರೈಲು ಇವುಗಳ ಕಡೆಗೂ ಕಣ್ಣು ಹಾಯಿಸಬೇಕು. ಕಾವೇರಿಗೆ ಚೋಳರು ಅಡ್ಡಲಾಗಿ ಕಟ್ಟಿದ ಕಲ್ಲಣೆ ಸುಮಾರು ಎರಡು ಸಾವಿರ ವರ್ಷ ಹಳೆಯದೆಂದು ಹೆಸರಾಗಿದ್ದು, ಇಂದಿಗೂ ಬಳಕೆಯಲ್ಲಿದೆ. ಎರಡನೆಯ ಸವಾಯಿ ಜಯಸಿಂಹ ಜೈಪುರದಲ್ಲಿ ಕಟ್ಟಿಸಿದ ಜಂತರ್ ಮಂತರ್‌ನ ಸಾಮ್ರಾಟ್ ಯಂತ್ರ ಸುಮಾರು 27 ಮೀಟರ್ ಎತ್ತರದ ನೆರಳು ಗಡಿಯಾರ. ಅದರ ನೆರಳಿನ ಅಂಚಿನಿಂದ ಎರಡು ಸೆಕೆಂಡುಗಳ ಸೂಕ್ಷ್ಮತೆಯವರೆಗೆ ಹೊತ್ತನ್ನು ಓದಬಹುದು.

ನಮ್ಮ ಸದಸ್ಯರೊಬ್ಬರು ಕೋಲಾರ ಚಿನ್ನದ ಗಣಿಯಲ್ಲಿ ದುಡಿದವರ ಮಗ. ಅವರು ಗಣಿಯ ಹೆಸರನ್ನು ಮುಂದಿಟ್ಟ ದಿನ ಸಭೆ ಎಂದಿಗಿಂತ ಒಂದು ಗಂಟೆ ಹೆಚ್ಚು ನಡೆಯಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು ಮೂರು ವರ್ಷಗಳ ತರುವಾಯ. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಆ ಗಣಿಯ ಆಳದಲ್ಲಿಟ್ಟ ಉಪಕರಣಗಳು ಗುರುತಿಸಿದವು. 2001ರಲ್ಲಿ ಗಣಿ ಮುಚ್ಚಿತು, ಈಗ ಯಾರೂ ಕೆಳಗಿಳಿದು ನೋಡುವಂತಿಲ್ಲ. ಕಣ್ಣಿಗೆ ಕಾಣಿಸದ್ದು ವಿಸ್ಮಯವಾಗಬಹುದೇ ಎಂಬ ಪ್ರಶ್ನೆ ಅಂದು ಎದ್ದಿತು. ‘ನಮ್ಮ ತಂದೆ ಅದನ್ನು ದಿನವೂ ನೋಡುತ್ತಿದ್ದರು’ ಎಂದಷ್ಟೇ ಅವರು ಹೇಳಿದರು. ಆ ಹೆಸರು ಕೊನೆಯ ಸುತ್ತಿನವರೆಗೂ ಉಳಿಯಿತು.

ಅಂಕಿ ಅಂಶಗಳನ್ನು ಒರೆಗೆ ಹಚ್ಚುವುದು

ಪ್ರತಿ ಹೆಸರಿಗೂ ಒಂದು ಹಾಳೆ ಇಡಿ. ಬಲಬದಿಯಲ್ಲಿ ಖಚಿತವಾದದ್ದನ್ನು, ಎಡಬದಿಯಲ್ಲಿ ಜನ ಹೇಳುವ ಕಥೆಯನ್ನು ಬರೆಯಿರಿ. ಎರಡೂ ಬೇಕು, ಆದರೆ ಒಂದಕ್ಕೊಂದು ಬೆರೆಯಬಾರದು. ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ, ಅಂದರೆ ಗರ್ಭಗುಡಿಯ ಮೇಲಿನ ಗೋಪುರದ, ನೆರಳು ನೆಲಕ್ಕೆ ಬೀಳುವುದೇ ಇಲ್ಲವೆಂಬ ಮಾತು ಬಹಳ ಪ್ರಚಾರದಲ್ಲಿದೆ. ನೆರಳು ಬೀಳುತ್ತದೆ, ಸಂಜೆ ಅಲ್ಲಿ ನಿಂತವರೆಲ್ಲರೂ ಅದನ್ನು ನೋಡಬಹುದು. ರಾಜರಾಜ ಚೋಳ 1010ರ ಹೊತ್ತಿಗೆ ಅಷ್ಟೆತ್ತರದ ಗ್ರಾನೈಟ್ ವಿಮಾನವನ್ನು ನಿಲ್ಲಿಸಿದ್ದೇ ಸಾಕಷ್ಟು ದೊಡ್ಡ ಸತ್ಯ, ಅದಕ್ಕೆ ಸುಳ್ಳಿನ ಆಸರೆ ಬೇಕಿಲ್ಲ.

ಸಂಖ್ಯೆಗಳ ಹಿಂದೆ ಯಾವ ಅಳತೆ ಇದೆ ಎಂಬುದನ್ನೂ ಕೇಳಬೇಕು. ದೇಶದ ಅತಿ ಎತ್ತರದ ಜಲಪಾತ ಯಾವುದೆಂಬುದಕ್ಕೆ ಮೂರು ಉತ್ತರಗಳು ಸಿಗುತ್ತವೆ. ಶಿವಮೊಗ್ಗ ಜಿಲ್ಲೆಯ ಕುಂಚಿಕಲ್ ಜಲಪಾತಕ್ಕೆ 455 ಮೀಟರ್ ಎಂದು ಬರೆಯುತ್ತಾರೆ, ಆದರೆ ಅದು ವಾರಾಹಿ ನದಿ ಬಂಡೆಗಳ ಮೇಲೆ ಹಂತಹಂತವಾಗಿ ಇಳಿಯುವ ಒಟ್ಟು ದೂರದ ಲೆಕ್ಕ. ಮೇಘಾಲಯದ ನೊಹ್ಕಲಿಕಾಯ್ ಒಂದೇ ನೆಗೆತದಲ್ಲಿ ಸುಮಾರು 340 ಮೀಟರ್ ಬೀಳುತ್ತದೆ. ಜೋಗ 253 ಮೀಟರ್. ಹಾಗೆಂದು ಜೋಗ ಕಿರಿದಾಗುವುದಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳು ಒಂದೇ ಪ್ರಪಾತಕ್ಕೆ ನಾಲ್ಕು ಬೇರೆಬೇರೆ ನಡಿಗೆಯಲ್ಲಿ ಇಳಿಯುವುದು ಎತ್ತರದ ಪಟ್ಟಿಯಲ್ಲಿ ಕಾಣಿಸುವ ಗುಣವಲ್ಲ. ಗೋಲಗುಮ್ಮಟದ ಗುಮ್ಮಟಕ್ಕೂ ಎರಡು ಅಳತೆಗಳಿವೆ, ಹೊರವ್ಯಾಸ ಸುಮಾರು 44 ಮೀಟರ್, ಒಳವ್ಯಾಸ ಸುಮಾರು 38. ಬೇರೆ ಕಟ್ಟಡದ ಒಳ ಅಳತೆಯ ಪಕ್ಕದಲ್ಲಿ ಇದರ ಹೊರ ಅಳತೆಯನ್ನು ಇಟ್ಟು ಜಂಬ ಕೊಚ್ಚಿಕೊಳ್ಳುವ ಬರಹಗಳನ್ನು ನಾನು ಓದಿದ್ದೇನೆ.

ಬೆಂಗಳೂರಿನಲ್ಲಿರುವವರಿಗೆ ಈ ಕೆಲಸ ಕಷ್ಟವಲ್ಲ. ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯವಿದೆ. 1909ರಲ್ಲಿ ಆರಂಭವಾದ ಮಿಥಿಕ್ ಸೊಸೈಟಿ ನೃಪತುಂಗ ರಸ್ತೆಯಲ್ಲಿದೆ. ಇತಿಹಾಸದ ಪುಸ್ತಕಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಹಳೆಯ ಮೈಸೂರು ಭಾಗದ ದೇವಾಲಯದ ಕಾಲವನ್ನು ನೋಡಬೇಕಿದ್ದರೆ ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಸಂಗ್ರಹದ ಸಂಪುಟಗಳಲ್ಲಿ ಹಲವು ಸಲ ಶಾಸನವೇ ಸಿಗುತ್ತದೆ. ಭೂವೈಜ್ಞಾನಿಕ ಸರ್ವೇಕ್ಷಣ ಮತ್ತು ಪುರಾತತ್ತ್ವ ಸರ್ವೇಕ್ಷಣ ಸಂಸ್ಥೆಗಳ ಪ್ರಕಟಣೆಗಳನ್ನು ಅಂತರಜಾಲದಲ್ಲಿಯೇ ಓದಬಹುದು. ಎರಡು ಸ್ವತಂತ್ರ ಆಧಾರಗಳು ಸಿಗದ ಸಂಖ್ಯೆಯನ್ನು ಹಾಳೆಯಿಂದ ಹೊಡೆದುಹಾಕುವುದು ನಮ್ಮ ನಿಯಮವಾಗಿತ್ತು.

ಸ್ಥಿತಿಯ ಬಗ್ಗೆಯೂ ಒಂದು ಸಾಲು ಬರೆಯಬೇಕು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪೆ, ಸಮೀಪದಲ್ಲಿ ಸೇತುವೆ ಕಟ್ಟಲು ಹೊರಟ ಕಾರಣದಿಂದ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಅಸ್ಸಾಮಿನ ಮಾಜುಲಿ ನದಿದ್ವೀಪವನ್ನು ಬ್ರಹ್ಮಪುತ್ರ ವರ್ಷವರ್ಷವೂ ಕೊರೆದು ತಿನ್ನುತ್ತಿದೆ. ಇಂಥ ವಿವರ ಅಂಕ ಕಡಿಮೆ ಮಾಡಲು ಕಾರಣವಾಗಬಾರದು, ನಾಲ್ಕನೆಯ ಪ್ರಶ್ನೆಗೆ ಉತ್ತರ ಕೊಡಲು ನೆರವಾಗಬೇಕು.

ಕಣ್ಣಾರೆ ನೋಡುವುದು

ಎಲ್ಲವನ್ನೂ ನೋಡಿ ಬರಲು ಯಾರಿಗೂ ಸಾಧ್ಯವಿಲ್ಲ. ಆದರೆ ನೋಡಿಬಂದವರೊಬ್ಬರಾದರೂ ಮಾತನಾಡದ ಹೆಸರನ್ನು ಮತಕ್ಕೆ ಹಾಕಬೇಡಿ. ಬಳಗದಲ್ಲಿ ಯಾರೂ ಇಲ್ಲದಿದ್ದರೆ ನೆಂಟರಲ್ಲಿ, ಸಹೋದ್ಯೋಗಿಗಳಲ್ಲಿ ಹುಡುಕಿ ಕರೆತನ್ನಿ. ಬೆಂಗಳೂರಿನಲ್ಲಿ ಇದು ಸುಲಭ, ದೇಶದ ಎಲ್ಲ ಮೂಲೆಯವರೂ ಇಲ್ಲಿದ್ದಾರೆ. ಶಿಲ್ಲಾಂಗಿನಿಂದ ಬಂದು ಇಲ್ಲಿ ದಾದಿಯಾಗಿ ದುಡಿಯುತ್ತಿರುವ ಯುವತಿಯೊಬ್ಬಳು ಬೇರಿನ ಸೇತುವೆಯ ಬಗ್ಗೆ ಹತ್ತು ನಿಮಿಷ ಮಾತನಾಡಿದಳು. ಮಳೆಯಲ್ಲಿ ಕಲ್ಲುಹಾಸಿಗಿಂತ ಆ ಬೇರಿನ ಮೇಲೆ ಕಾಲು ಗಟ್ಟಿಯಾಗಿ ನಿಲ್ಲುತ್ತದೆಂದು ಅವಳು ಹೇಳಿದ್ದು ಯಾವ ಪುಸ್ತಕದಲ್ಲಿಯೂ ನಮಗೆ ಸಿಕ್ಕಿರಲಿಲ್ಲ.

ಹೋಗುವುದಾದರೆ ಕಾಲ ನೋಡಿ ಹೋಗಬೇಕು. ಜೋಗವನ್ನು ಫೆಬ್ರವರಿಯಲ್ಲಿ ನೋಡಿ ಅಂಕ ಕೊಟ್ಟರೆ ಬರಿಯ ಬಂಡೆಗೆ ಅಂಕ ಕೊಟ್ಟಂತೆ. ಮಳೆಗಾಲದ ನಡುವಿನಲ್ಲಿ ಹೋಗಿ, ಮಂಜು ಸರಿಯುವವರೆಗೆ ತಾಳ್ಮೆಯಿಂದ ನಿಲ್ಲಬೇಕು. ಅದೇ ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುವುದಿಲ್ಲ. ಅಲ್ಲಿನ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾರಸ ತಣಿದು ಆದಂಥವು. ಗೋಲಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಮಾತ್ರ ಪಿಸುಮಾತು ಪಿಸುಮಾತಾಗಿಯೇ ಕೇಳಿಸುತ್ತದೆ. ಎಲ್ಲೋರಕ್ಕೆ ಹೋದವರು ಕೈಲಾಸದ ಪಕ್ಕದ ಗುಡ್ಡವನ್ನೇರಿ ಮೇಲಿನಿಂದಲೂ ನೋಡಬೇಕು, ಕಡೆದವರು ಮೊದಲು ನಿಂತಿದ್ದ ಜಾಗ ಅದು.

ಮತದಾನ

ಕೈ ಎತ್ತಿಸಬೇಡಿ. ಹಿರಿಯರ ಕೈ ಮೇಲೆದ್ದರೆ ಕಿರಿಯರ ಕೈಗಳೂ ಏಳುತ್ತವೆ. ಗುಪ್ತ ಚೀಟಿಯೇ ಸರಿ, ಅದೂ ಎರಡು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಯೋಗ್ಯವೆನಿಸಿದ ಎಲ್ಲ ಹೆಸರುಗಳಿಗೂ ಗುರುತು ಹಾಕಲಿ. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದವು ಮಾತ್ರ ಮುಂದಕ್ಕೆ ಹೋಗಲಿ. ಎರಡನೆಯ ಸುತ್ತಿನಲ್ಲಿ ಏಳನ್ನು ಕ್ರಮವಾಗಿ ಬರೆಯಬೇಕು, ಮೊದಲನೆಯದಕ್ಕೆ 7 ಅಂಕ, ಕೊನೆಯದಕ್ಕೆ 1. ಇಪ್ಪತ್ತು ಜನರಲ್ಲಿ ಎಂಟು ಜನ ಮೊದಲ ಸ್ಥಾನ ಕೊಟ್ಟು ಉಳಿದವರು ಪೂರ್ತಿಯಾಗಿ ಬಿಟ್ಟ ಸ್ಥಳಕ್ಕೆ 56 ಅಂಕ ಬರುತ್ತದೆ. ಹದಿನೈದು ಜನ ಮೂರನೆಯ ಸ್ಥಾನ ಕೊಟ್ಟದ್ದಕ್ಕೆ 75 ಬರುತ್ತದೆ. ಕೆಲವರ ಅಭಿಮಾನಕ್ಕಿಂತ ಹಲವರ ಮನ್ನಣೆ ಮೇಲೆ ಬರುವ ಈ ಕ್ರಮ ಹದಿನೆಂಟನೆಯ ಶತಮಾನದ ಫ್ರಾನ್ಸಿನ ಬೋರ್ಡಾ ಎಂಬ ಗಣಿತಜ್ಞನ ಹೆಸರಿನಲ್ಲಿದೆ. ಸಮನಾದರೆ ಚೀಟಿ ಎತ್ತುವುದಕ್ಕೂ ಹಳೆಯ ಮಾದರಿಯಿದೆ, ತಮಿಳುನಾಡಿನ ಉತ್ತರಮೇರೂರಿನ ಹತ್ತನೆಯ ಶತಮಾನದ ಶಾಸನದಂತೆ ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಕೊಡದಲ್ಲಿ ಓಲೆ ಹಾಕಿ ಆರಿಸುತ್ತಿದ್ದರು. ನಾವು ಮಾತ್ರ ಎರಡರಲ್ಲಿ ಯಾವುದು ಹೆಚ್ಚು ಅಪಾಯದಲ್ಲಿದೆಯೋ ಅದನ್ನು ಮೇಲಿಟ್ಟೆವು.

ಚೀಟಿ ಬರೆಯುವ ಮುನ್ನ ಪ್ರತಿ ಸ್ಥಳಕ್ಕೂ ಆ ಒಂದು ವಾಕ್ಯವನ್ನು ಎಲ್ಲರಿಗೂ ಓದಿ ಹೇಳಬೇಕು. ‘ಬಹಳ ಸುಂದರವಾಗಿದೆ’, ‘ವಿಶ್ವಪ್ರಸಿದ್ಧವಾಗಿದೆ’ ಎಂಬ ವಾಕ್ಯಗಳನ್ನು ಹಿಂದಿರುಗಿಸಿ, ಮತ್ತೆ ಬರೆಯಲು ಹೇಳಿ. ಈ ಹಂತದಲ್ಲಿ ನಮ್ಮಲ್ಲಿ ಮೂರು ಪ್ರಸಿದ್ಧ ಹೆಸರುಗಳು ತಾವಾಗಿ ಉದುರಿದವು.

ನಮ್ಮ ಮಾನವನಿರ್ಮಿತ ಪಟ್ಟಿಯಲ್ಲಿ ಕೈಲಾಸ ದೇವಾಲಯ ಮೊದಲು ಬಂದಿತು; ಅನಂತರ ತಾಜ್‌ಮಹಲ್, ಹಂಪೆ, ಬೇರಿನ ಸೇತುವೆಗಳು, ಗೋಲಗುಮ್ಮಟ, ರಾಣಿ ಕಿ ವಾವ್, ಬೃಹದೀಶ್ವರ. ಪ್ರಾಕೃತಿಕ ಪಟ್ಟಿಯಲ್ಲಿ ಪಶ್ಚಿಮ ಘಟ್ಟ, ಸುಂದರಬನ, ಕಾಂಚನಜುಂಗಾ, ಕಛ್‌ನ ರಣ, ಲೋಣಾರ್, ಲೋಕ್ತಾಕ್, ಬ್ಯಾರನ್ ದ್ವೀಪ. ಕರ್ನಾಟಕದವು ಇಷ್ಟೇ ಏಕೆಂದು ಕೆಲವರು ಬೇಸರಪಟ್ಟರು. ಜೋಗ ಪಶ್ಚಿಮ ಘಟ್ಟದೊಳಗೆ ಸೇರಿಹೋಯಿತು. ಹೊಯ್ಸಳ ದೇವಾಲಯಗಳು ಮೂರು ಅಂಕಗಳಿಂದ ತಪ್ಪಿದ್ದು ನನಗೂ ನೋವಿನ ಸಂಗತಿ. ಬಳಪದ ಕಲ್ಲಿನಲ್ಲಿ ಆ ಕೈಗಳು ಮಾಡಿದ ಕೆಲಸಕ್ಕೆ ನಾನು ಮೂರನೆಯ ಸ್ಥಾನ ಕೊಟ್ಟಿದ್ದೆ.

ಪ್ರಕಟಿಸುವಾಗ ಹೆಸರಿನ ಕೆಳಗೆ ಕಾರಣದ ವಾಕ್ಯ, ಆಯ್ಕೆಯ ತಿಂಗಳು ಮತ್ತು ವರ್ಷ, ಪಾಲ್ಗೊಂಡವರ ಸಂಖ್ಯೆ ಇಷ್ಟನ್ನೂ ಹಾಕಬೇಕು, ಜೊತೆಗೆ ಎಂಟನೆಯಿಂದ ಹತ್ತನೆಯ ಸ್ಥಾನದವರೆಗಿನ ಹೆಸರುಗಳನ್ನೂ ಕೊಡಬೇಕು. ಐದು ವರ್ಷಕ್ಕೊಮ್ಮೆ ಪಟ್ಟಿಯನ್ನು ಹೊಸಬರ ಮುಂದಿಡುವುದೆಂದು ನಾವು ನಿರ್ಣಯ ಬರೆದುಕೊಂಡಿದ್ದೇವೆ. ನಮ್ಮ ಓದುವ ಕೋಣೆಯ ಫಲಕದಲ್ಲಿ ಪ್ರಾಕೃತಿಕ ಪಟ್ಟಿಯ ಕೆಳಗೆ, ಎಂಟನೆಯ ಸ್ಥಾನದಲ್ಲಿ, ಲಾಲ್‌ಬಾಗಿನ ಬಂಡೆಯ ಹೆಸರಿದೆ. ಅದನ್ನು ಸೂಚಿಸಿದ್ದು ಮೊದಲ ಸಂಜೆ ‘ಏಕೆ’ ಎಂದು ಕೇಳಿದ ಆ ವಿದ್ಯಾರ್ಥಿನಿ.